ಕಾಡು ಬೆಳೆಸುವವರ ಜೊತೆ ಇದ್ದುಕೊಂಡು ಕರಡು ತಿದ್ದುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ. ಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನವಿಲಿನ ಕೂಗು ಕೇಳುತ್ತಾ ಪುಸ್ತಕ ತಿದ್ದುವ ಚಿತ್ರ ನಿಮ್ಮ ತಲೆಯಲ್ಲಿದ್ದರೆ ಅದನ್ನು ಈಗಲೇ ಅಳಿಸಿ. ಮರದ ಕೆಳಗೆ ಕೂತರೆ ಬಿಸಿಲಿಗೆ ಪರದೆ ಕಾಣುವುದಿಲ್ಲ, ಇರುವೆ ಕಚ್ಚುತ್ತದೆ. ಇನ್ನು ನವಿಲು ಕೂಗುವುದು ನೀವು ಫೋನಿನಲ್ಲಿ ಮಾತಾಡುವಾಗಲೇ.

"ಏನಮ್ಮಾ, ಹಿಂದೆ ಯಾರೋ ಅಳ್ತಾ ಇದಾರಲ್ಲ?" ಎಂದು ಹಿರಿಯ ಲೇಖಕರೊಬ್ಬರು ಒಮ್ಮೆ ಗಾಬರಿಯಿಂದ ಕೇಳಿದ್ದರು.

"ನವಿಲು ಸಾರ್."

"ಆಫೀಸಿನಲ್ಲಾ?"

ಆಫೀಸು ಅಂದರೆ ಹೆಣೆದ ತೆಂಗಿನ ಗರಿ ಹೊದಿಸಿದ ಒಂದು ಕೋಣೆ. ಪುದುಚೇರಿಯ ಉತ್ತರಕ್ಕೆ, ಬೇರೆಬೇರೆ ದೇಶದವರು ಒಟ್ಟಾಗಿ ಬದುಕಲು ಕಟ್ಟಿಕೊಂಡ ಆರೋವಿಲ್ ಎಂಬ ಊರು ಇರುವ ಕೆಂಪು ಮಣ್ಣಿನ ದಿಬ್ಬದ ಮೇಲೆ, ಕಾಡು ಬೆಳೆಸುವ ಒಂದು ಸಣ್ಣ ಗುಂಪಿನ ಜೊತೆ ನಾನು ಆರು ವರ್ಷದಿಂದ ಇದ್ದೇನೆ. ಬೆಂಗಳೂರಿನಿಂದ 300 ಚಿಲ್ಲರೆ ಕಿಲೋಮೀಟರ್, ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಇಳಿಯಬಹುದು. ಕೆಲಸ ಮಾತ್ರ ಪೂರ್ತಿ ಕನ್ನಡದ್ದು. ಬೆಂಗಳೂರು, ಧಾರವಾಡದ ಪ್ರಕಾಶಕರಿಗೆ ಕಾದಂಬರಿ, ಆತ್ಮಕತೆ, ಅನುವಾದಗಳನ್ನು ತಿದ್ದಿಕೊಡುತ್ತೇನೆ.

ಜಾಗದ ಬಗ್ಗೆ ಎರಡು ಮಾತು. ಆರೋವಿಲ್ ಶುರುವಾದದ್ದು 1968ರ ಫೆಬ್ರುವರಿ 28ರಂದು. ಅವತ್ತು 124 ದೇಶಗಳ ಹಿಡಿ ಹಿಡಿ ಮಣ್ಣನ್ನು ತಂದು ಒಂದು ಕಲಶಕ್ಕೆ ಹಾಕಿದರಂತೆ. ಆದರೆ ಆ ಕಲಶದ ಸುತ್ತ ಇದ್ದದ್ದು ಬೋಳು ನೆಲ. ಮಳೆ ಬಂದರೆ ಕೆಂಪು ಮಣ್ಣು ಸಮುದ್ರಕ್ಕೆ ಹರಿದುಹೋಗುತ್ತಿತ್ತು. ಮೊದಮೊದಲು ಬಂದವರು ಮಾಡಿದ್ದು ಬದು ಹಾಕುವ, ನೀರು ಇಂಗಿಸುವ, ಗಿಡ ನೆಡುವ ಕೆಲಸ. ಈಗ ಇಲ್ಲಿ ನೆರಳಿನಲ್ಲೇ ಸೈಕಲ್ ಹೊಡೆಯಬಹುದು. ಹಾಗಾಗಿ ಇಲ್ಲಿ ಕಾಡೆಂದರೆ ದಿನಾ ಬೆಳಗ್ಗೆ ಮಾಡುವ ಕೆಲಸ.

ತೊಂದರೆ ಇರುವುದೂ ಅಲ್ಲೇ. ಬರುವ ಮೊದಲು ಎಲ್ಲರೂ ಇಂಟರ್ನೆಟ್ ಬಗ್ಗೆ ಕೇಳುತ್ತಾರೆ. ನನಗೆ ಆರು ವರ್ಷದಲ್ಲಿ ಕಾಟ ಕೊಟ್ಟಿದ್ದು ಬೆಳಗಿನ ಹೊತ್ತು. ಗಿಡಕ್ಕೂ ಅದೇ ಹೊತ್ತು ಬೇಕು, ಕರಡಿಗೂ ಅದೇ ಹೊತ್ತು ಬೇಕು. (ಕರಡಿ ಅಂದರೆ ಪ್ರಾಣಿಯಲ್ಲ, ಕರಡು ಪ್ರತಿ. ಇಲ್ಲಿ ಕರಡಿ ಇಲ್ಲ, ಹೆದರಬೇಡಿ.)

ಹಂತ 1: ಕೈಯಲ್ಲಿ ಕೆಲಸ ಇಟ್ಟುಕೊಂಡೇ ಹೋಗಿ ನೋಡಿ

ರಜೆ ಹಾಕಿ ಹೋಗಬೇಡಿ. ರಜೆಯಲ್ಲಿ ಎಲ್ಲ ಊರೂ ಚೆಂದ. ಗಡುವು ಇರುವ ಒಂದು ಹಸ್ತಪ್ರತಿ ಹಿಡಿದುಕೊಂಡು ಹೋಗಿ, ಎರಡು ವಾರ ಇರಿ. ಅಷ್ಟರಲ್ಲಿ ಎಷ್ಟು ಪುಟ ಮುಗಿಯಿತು ಎಂದು ಎಣಿಸಿ. ನಾನು ಬೆಂಗಳೂರಿನಲ್ಲಿ ದಿನಕ್ಕೆ 40 ಪುಟ ತಿದ್ದುತ್ತಿದ್ದವಳು ಮೊದಲ ಎರಡು ವಾರದಲ್ಲಿ ಇಲ್ಲಿ ಒಟ್ಟು 90 ಪುಟ ಮಾಡಿದ್ದೆ. ಬರುವುದು ಬೇಡವೇನೋ ಅನ್ನಿಸಿತ್ತು.

ಆರೋವಿಲ್ ಅಂದರೆ ಒಂದೇ ತರಹದ ಊರಲ್ಲ. ಅಪಾರ್ಟ್‌ಮೆಂಟಿನಂಥ ಮನೆಗಳೂ ಇವೆ, ಹೊಲಗಳಿವೆ, ಕಾಡಿನೊಳಗಿನ ಗುಡಿಸಲುಗಳಿವೆ. ಸ್ವಯಂಸೇವಕರಾಗಿ ಬರುವವರಲ್ಲಿ ಬಹಳ ಜನ ಕೇಳಿರುವುದು 2003ರಲ್ಲಿ ಶುರುವಾದ ಸಾಧನಾ ಫಾರೆಸ್ಟ್ ಹೆಸರು. ಅಲ್ಲಿ ಬಿಸಿಲಿನ ಕರೆಂಟು, ನೀರು ಹಾಕದೆ ಗೊಬ್ಬರ ಮಾಡುವ ಶೌಚಾಲಯ, ಹಾಲು ಮೊಸರೂ ಇಲ್ಲದ ಊಟ. ನಗಬೇಡಿ, ಮೊಸರನ್ನ ಇಲ್ಲದೆ ತಿಂಗಳು ಕಳೆಯುತ್ತೀರಾ ಅನ್ನುವುದು ನಮ್ಮವರಿಗೆ ನಿಜವಾಗಿಯೂ ದೊಡ್ಡ ಪ್ರಶ್ನೆ.

ಇದ್ದಷ್ಟು ದಿನ ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಬೆಳಗ್ಗೆ ಎಲ್ಲರೂ ಸೇರಿ ಮಾಡುವ ಕೆಲಸ ಎಷ್ಟು ಗಂಟೆ? ಹೊರಗಿನವರಿಗೆ ಕೆಲಸ ಮಾಡಿಕೊಟ್ಟು ದುಡ್ಡು ತೆಗೆದುಕೊಳ್ಳಬಹುದಾ? ಜಾಗ ಯಾರ ಹೆಸರಲ್ಲಿದೆ?

ಮೂರನೆಯದನ್ನು ಕೇಳಲು ಸಂಕೋಚ ಆಗುತ್ತದೆ, ಆದರೂ ಕೇಳಿ. ಆರೋವಿಲ್ ನಡೆಯುವುದು 1988ರ ಕೇಂದ್ರ ಸರ್ಕಾರದ ಕಾಯ್ದೆಯಡಿ. ಜಮೀನು, ಕಟ್ಟಡ ಎಲ್ಲ ಆರೋವಿಲ್ ಪ್ರತಿಷ್ಠಾನದ್ದು. ನಿಮ್ಮ ದುಡ್ಡಿನಲ್ಲಿ ಕಟ್ಟಿದರೂ ಮನೆ ನಿಮ್ಮದಾಗುವುದಿಲ್ಲ, ಇರುವಷ್ಟು ದಿನ ಇರಬಹುದು ಅಷ್ಟೆ. 2021ರ ಡಿಸೆಂಬರಿನಲ್ಲಿ ರಸ್ತೆಗಾಗಿ ಮರ ಕಡಿಯಲು ಜೆಸಿಬಿ ಬಂದಾಗ ಇಲ್ಲಿನವರೇ ಎರಡು ಗುಂಪಾದರು. ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಅದರ ಆದೇಶವನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ರದ್ದು ಮಾಡಿತು. ಒಟ್ಟಾಗಿ ಬದುಕಲು ಬಂದವರೂ ಜಗಳ ಆಡುತ್ತಾರೆ, ಕೋರ್ಟಿಗೂ ಹೋಗುತ್ತಾರೆ. ಇದು ಗೊತ್ತಿದ್ದೇ ಬನ್ನಿ. ಸೇರಿಸಿಕೊಳ್ಳುವ ನಿಯಮಗಳೂ ಈಚೆಗೆ ಬದಲಾಗಿವೆ, ಹಳಬರ ಮಾತು ನಂಬಿಕೊಂಡು ಸಾಮಾನು ಕಟ್ಟಬೇಡಿ.

ಕರ್ನಾಟಕದಲ್ಲೇ ಹುಡುಕುವವರಿಗೂ ಒಂದು ಮಾತು. 2020ರ ಭೂಸುಧಾರಣಾ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆಮೇಲೆ 'ಪ್ರಕೃತಿ ಸಮುದಾಯ' ಎಂಬ ಬೋರ್ಡು ಹಾಕಿಕೊಂಡ ತೋಟಗಳು ಜಾಸ್ತಿಯಾಗಿವೆ. ಗೇಟು, ಈಜುಕೊಳ, ಒಬ್ಬೊಬ್ಬರಿಗೆ ಆರು ಮಾವಿನ ಗಿಡ ಅಂದರೆ ಅದು ಲೇಔಟು. ಅಲ್ಲಿ ಕೂತೂ ಕರಡು ತಿದ್ದಬಹುದು. ಈ ಲೇಖನ ಬೇಕಾಗುವುದಿಲ್ಲ ಅಷ್ಟೆ.

ಹಂತ 2: ಬೆಳಗಿನ ಲೆಕ್ಕವನ್ನು ಎಲ್ಲರೆದುರು ಮಾತಾಡಿಕೊಳ್ಳಿ

ನಮ್ಮಲ್ಲಿ ಬೆಳಗ್ಗೆ 6ರಿಂದ 8.30ರವರೆಗೆ ನೆಲದ ಕೆಲಸ. ಗುಂಡಿ ತೋಡುವುದು, ಒಣಗಿದ ಎಲೆಯ ಮುಚ್ಚಿಗೆ ಹಾಕುವುದು, ಕಳೆ ಕೀಳುವುದು. ಆಮೇಲೆ ಬಿಸಿಲು ಏರುತ್ತದೆ, ಯಾರೂ ಹಾರೆ ಮುಟ್ಟುವುದಿಲ್ಲ. ನಾನು ಮೊದಲ ವರ್ಷ ಒಳ್ಳೆಯವಳಾಗಲು ಹೋಗಿ ಆರೂ ದಿನ ನೆಲದ ಕೆಲಸ ಮಾಡಿ, ತಿಂಡಿ ತಿಂದು, 9.30ಕ್ಕೆ ಕರಡು ಹಿಡಿಯುತ್ತಿದ್ದೆ. ಕೈ ನಡುಗುತ್ತಿತ್ತು. ಕಣ್ಣು ಸಾಲಿನ ಮೇಲೆ ಹೋಗುತ್ತಿತ್ತು, ತಲೆ ಹೋಗುತ್ತಿರಲಿಲ್ಲ.

ಆ ವರ್ಷ ಒಂದು ಕಾದಂಬರಿಯಲ್ಲಿ 70ನೇ ಪುಟದಲ್ಲಿ ಸತ್ತ ಅಜ್ಜಿ 112ನೇ ಪುಟದಲ್ಲಿ ಕಾಫಿ ಬೆರೆಸುತ್ತಿದ್ದಳು. ನಾನು ಆ ವಾಕ್ಯದಲ್ಲಿ ಒಂದು ಅಲ್ಪವಿರಾಮ ಸರಿಮಾಡಿ ಮುಂದೆ ಹೋಗಿದ್ದೆ. ಹಿಡಿದದ್ದು ಪುಟ ಕಟ್ಟುತ್ತಿದ್ದ ಡಿಟಿಪಿ ಹುಡುಗಿ. "ಅಕ್ಕಾ, ಈ ಅಜ್ಜಿ ಹೋಗಿಬಿಟ್ಟಿದ್ರಲ್ವಾ?" ಎಂದು ಮೆಸೇಜ್ ಹಾಕಿದ್ದಳು. ನಾಚಿಕೆಯಾಯಿತು.

ಅವತ್ತೇ ಸಂಜೆ ಎಲ್ಲರೂ ಸೇರಿದಾಗ ಬಾಯಿಬಿಟ್ಟು ಹೇಳಿದೆ. ಈಗಿನ ಒಪ್ಪಂದ ಹೀಗಿದೆ: ಸೋಮವಾರ, ಬುಧವಾರ, ಶುಕ್ರವಾರ ನೆಲ. ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ 5.30ರಿಂದ 9.30 ನನ್ನ ಮೇಜು. ಬಿಟ್ಟ ಮೂರು ದಿನಕ್ಕೆ ಬದಲಾಗಿ ವಾರಕ್ಕೆ ಎರಡು ರಾತ್ರಿ ದೊಡ್ಡ ಪಾತ್ರೆ ತೊಳೆಯುತ್ತೇನೆ. ಇಪ್ಪತ್ತೈದು ಜನರಿಗೆ ಸಾಂಬಾರು ಮಾಡಿದ ತಳಹಿಡಿದ ಪಾತ್ರೆ ಅಂದರೆ ಸುಮ್ನೆ ಅಲ್ಲ, ಆದರೆ ಅದಕ್ಕೆ ತಲೆ ಬೇಕಾಗಿಲ್ಲ. ನೀವೂ ಹೀಗೇ ಮಾಡಿ. ತಲೆ ಬೇಕಾದ ಹೊತ್ತನ್ನು ಕೇಳಿ ಪಡೆಯಿರಿ, ತಲೆ ಬೇಡದ ಹೊತ್ತನ್ನು ಕೊಡಿ. ಒಪ್ಪಿದ್ದನ್ನು ಸರದಿ ಬರೆಯುವ ಹಲಗೆಯ ಮೇಲೆ ಬರೆಸಿ. ಬಾಯಿಮಾತಾದರೆ ಹೊಸಬರು ಬಂದ ಕೂಡಲೇ ಮತ್ತೆ ಶುರುವಿನಿಂದ ಹೇಳಬೇಕಾಗುತ್ತದೆ.

ಇನ್ನೊಂದು. ನಮ್ಮ ಕೆಲಸ ನೋಡುವವರಿಗೆ ಕೆಲಸದ ತರಹ ಕಾಣುವುದಿಲ್ಲ. ಬಡಗಿ ಮರ ಕೊಯ್ದರೆ ಸದ್ದು ಬರುತ್ತದೆ. ಸಂಪಾದಕಿ ಒಂದು ಪ್ಯಾರಾ ನೋಡುತ್ತಾ ಹತ್ತು ನಿಮಿಷ ಕೂತರೆ ಏನೂ ಬರುವುದಿಲ್ಲ. ಅಡುಗೆಮನೆಯ ಅಕ್ಕ ಕಿಟಕಿಯಲ್ಲಿ ಇಣುಕಿ, "ಸುಮ್ಮಾ ತಾನೇ ಇರುಕ್ಕೀಂಗ, ವಾಂಗ" ಅನ್ನುತ್ತಿದ್ದರು. ಸುಮ್ಮಾ ಅಂದರೆ ಏನೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ನಾನು ಬಾಗಿಲಿಗೆ ಒಂದು ಕೆಂಪು ಟವೆಲ್ ನೇತುಹಾಕಲು ಶುರುಮಾಡಿದೆ. ಟವೆಲ್ ಇದ್ದರೆ ಕರೆಯಬಾರದು, ಹಾವು ಬಂದರೆ ಕರೆಯಬಹುದು. ಟವೆಲನ್ನು ದಿನವಿಡೀ ಬಿಟ್ಟರೆ ಅದಕ್ಕೆ ಬೆಲೆ ಹೋಗುತ್ತದೆ. 9.30ಕ್ಕೆ ತೆಗೆದುಬಿಡುತ್ತೇನೆ.

ಹಂತ 3: ಕೆಲಸವನ್ನು ದಣಿವಿನ ಪ್ರಕಾರ ಬೇರೆ ಮಾಡಿ

ಸಂಪಾದನೆ ಒಂದೇ ಕೆಲಸ ಅಂದುಕೊಳ್ಳುವುದು ಊರಿನಲ್ಲಿ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ.

ಮೇಜಿನ ದಿನ ಬೆಳಗ್ಗೆ ಮಾಡುವುದು: ಯಾವ ಅಧ್ಯಾಯ ಎಲ್ಲಿರಬೇಕು, ಯಾವ ಪಾತ್ರ ನಿಲ್ಲುತ್ತಿಲ್ಲ, ಲೇಖಕರಿಗೆ ಮನಸ್ಸು ನೋಯದಂತೆ ಹೇಗೆ ಬರೆಯುವುದು. ಆ ಪತ್ರ ಬರೆಯುವುದೇ ಅರ್ಧ ಕೆಲಸ. ವಾಕ್ಯ ವಾಕ್ಯ ತಿದ್ದುವುದು ಅದಾದ ಮೇಲೆ.

ನೆಲದ ದಿನ, ಮೈ ನೋಯುವಾಗ ಮಾಡುವುದು ಬೇರೆ. 'ಕತೆ'ಯೋ 'ಕಥೆ'ಯೋ, ಒಂದನ್ನು ಹಿಡಿದು ಪುಸ್ತಕದುದ್ದಕ್ಕೂ ಒಂದೇ ಮಾಡುವುದು. ಒಳಪುಟದ ಸಂಖ್ಯೆ ಪರಿವಿಡಿಗೆ ಹೊಂದುತ್ತದಾ ನೋಡುವುದು. ಊರಿನ ಹೆಸರು, ಮನುಷ್ಯರ ಹೆಸರು ಎಲ್ಲ ಕಡೆ ಒಂದೇ ಇದೆಯಾ ಎಂದು ಪಟ್ಟಿ ಮಾಡುವುದು. ಅಜ್ಜಿ ಕಾಫಿ ಬೆರೆಸಿದ ಮೇಲೆ ನಾನು ಆ ಪಟ್ಟಿಗೆ 'ಸತ್ತವರು, ಪುಟ' ಎಂದು ಒಂದು ಕಾಲಂ ಸೇರಿಸಿದ್ದೇನೆ.

ಮಧ್ಯಾಹ್ನ 1ರಿಂದ 3 ಮಲಗಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಆ ಹೊತ್ತಿಗೆ ತಿದ್ದಿದ್ದನ್ನು ನಾನು ಮರುದಿನ ಮತ್ತೆ ತಿದ್ದಿದ್ದೇನೆ. ಸಂಜೆ ಹತ್ತು ಪುಟ ಪ್ರಿಂಟ್ ಹಿಡಿದು, ಕಾಡಿನ ದಾರಿಯಲ್ಲಿ ನಡೆಯುತ್ತಾ ಗಟ್ಟಿಯಾಗಿ ಓದಿ. ಉಸಿರು ಸಾಲದ ವಾಕ್ಯ ತಾನಾಗಿಯೇ ಸಿಕ್ಕಿಬೀಳುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಹೀಗೆ ಓದಿದರೆ ಪಕ್ಕದ ಮನೆಯವರು ಕೇಳುತ್ತಿದ್ದರು, ಇಲ್ಲಿ ಕೇಳುವವರಿಗೆ ಕನ್ನಡ ಬರುವುದಿಲ್ಲ.

ನೆಲದ ಕೆಲಸ ಕರಡಿಗೂ ಒದಗುತ್ತದೆ. ಹೋದ ವರ್ಷ ಒಂದು ಹಸ್ತಪ್ರತಿಯಲ್ಲಿ ಕಾರ್ತಿಕ ಮಾಸದ ಸಂಜೆ, ಅಂಗಳದಲ್ಲಿ ಹೊಂಗೆ ಹೂವು ಉದುರಿ ಹಾಸಿದಂತಿತ್ತು. ಮೊದಲಾಗಿದ್ದರೆ ಚೆಂದದ ವಾಕ್ಯ ಎಂದು ಬಿಡುತ್ತಿದ್ದೆ. ಈಗ ಹೊಂಗೆ ಕಸ ಗುಡಿಸುವವಳು ನಾನೇ, ಅದು ಹೂ ಬಿಡುವುದು ಬೇಸಗೆಯಲ್ಲಿ ಎಂದು ಸೊಂಟಕ್ಕೆ ಗೊತ್ತು. ಲೇಖಕರಿಗೆ ಫೋನ್ ಮಾಡಿದೆ.

"ಹಾಗಾದ್ರೆ ಕಾರ್ತಿಕದಲ್ಲಿ ಯಾವ ಹೂ ಉದುರುತ್ತಮ್ಮ?"

"ಆಕಾಶಮಲ್ಲಿಗೆ ಇದೆ ಸಾರ್, ಬೆಳ್ಳಗೆ ಉದುರುತ್ತೆ."

"ನಮ್ಮೂರಿನ ಅಂಗಳದಲ್ಲಿ ಅದು ಇರಲಿಲ್ವಲ್ಲ," ಎಂದು ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ ತಿಂಗಳನ್ನೇ ಬದಲಾಯಿಸಿದರು. ಹೂವು ಉಳಿಯಿತು.

ಹಂತ 4: ಕರೆಂಟು, ನೆಟ್ಟು, ಫೈಲು

ಸಂಪಾದಕರಿಗೆ ನೆಟ್ ಜಾಸ್ತಿ ಬೇಡ. 200 ಪುಟದ ವರ್ಡ್ ಫೈಲು ಒಂದು ಫೋಟೋಗಿಂತ ಹಗುರ. ಮೊಬೈಲ್ ಹಾಟ್‌ಸ್ಪಾಟ್ ಸಾಕು. ದಿನಕ್ಕೆ ಎರಡು ಸಲ ಮಾತ್ರ ಆನ್ ಮಾಡಿದರೆ ಇನ್ನೂ ಒಳ್ಳೆಯದು, ತಲೆಗೂ ಬ್ಯಾಟರಿಗೂ. ಒಂದು ದಪ್ಪ ನಿಘಂಟು ಮೇಜಿನ ಮೇಲಿರಲಿ, ಅದಕ್ಕೆ ಸಿಗ್ನಲ್ ಬೇಕಾಗಿಲ್ಲ.

ಕರೆಂಟಿನ ಲೆಕ್ಕವನ್ನು ಬರುವ ಮೊದಲು ಹಾಕಿ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಾಳೆಯ ಮೇಲೆ 1,200 ವ್ಯಾಟ್-ಅವರ್ ಇರುತ್ತದೆ. ಸೀಸದ ಬ್ಯಾಟರಿ ಆದರೆ ಅರ್ಧಕ್ಕಿಂತ ಕೆಳಗಿಳಿಸಬಾರದು, ಇಳಿಸಿದರೆ ಬೇಗ ಸಾಯುತ್ತದೆ. ಉಳಿದದ್ದು 600. ಲ್ಯಾಪ್‌ಟಾಪ್ ಗಂಟೆಗೆ 45 ಎಂದು ಹಿಡಿದರೂ ಆರು ಗಂಟೆಗೆ 270. ಫ್ಯಾನು, ದೀಪ, ಫೋನು ಸೇರಿದರೆ 450 ದಾಟುತ್ತದೆ. ಅಂದರೆ ಮೋಡ ಕವಿದ ಮೊದಲ ದಿನ ದಾಟಬಹುದು, ಎರಡನೆಯ ದಿನ ಆಗುವುದಿಲ್ಲ.

ಮೋಡ ಕವಿಯುವುದು ಯಾವಾಗ ಅನ್ನುವುದೂ ನೆನಪಿರಲಿ. ಮಲೆನಾಡು ನೆನೆಯುವ ಜೂನ್, ಜುಲೈಯಲ್ಲಿ ಇಲ್ಲಿ ಬಿಸಿಲು. ಇಲ್ಲಿ ದೊಡ್ಡ ಮಳೆ ಬರುವುದು ಹಿಂಗಾರಿನಲ್ಲಿ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ನಮ್ಮ ದುರದೃಷ್ಟ, ರಾಜ್ಯೋತ್ಸವ, ಸಾಹಿತ್ಯ ಸಮ್ಮೇಳನ ಅಂತ ಪ್ರಕಾಶಕರು ಅವಸರ ಮಾಡುವುದೂ ಆಗಲೇ. 2011ರ ಡಿಸೆಂಬರ್ 30ರ ಥಾನೆ ಚಂಡಮಾರುತದಲ್ಲಿ ಬಿದ್ದ ಮರಗಳ ಕತೆ ಇಲ್ಲಿ ಈಗಲೂ ಹೇಳುತ್ತಾರೆ. ನಾನು ಕಂಡದ್ದು 2024ರ ನವೆಂಬರ್ ಕೊನೆಯ ಫೆಂಜಲ್. ಅದು ಪುದುಚೇರಿಯ ಹತ್ತಿರವೇ ದಡ ಮುಟ್ಟಿತು. ನಾಲ್ಕು ದಿನ ಫೋನೂ ಇಲ್ಲ. ಅದಕ್ಕೇ ಈಗ ಹಿಂಗಾರಿನ ಮೂರು ತಿಂಗಳು ಯಾರಿಗೇ ಗಡುವು ಹೇಳಿದರೂ ಹತ್ತು ದಿನ ಸೇರಿಸಿಯೇ ಹೇಳುತ್ತೇನೆ. ಪ್ರತಿದಿನ ಸಂಜೆ ಫೈಲನ್ನು ಮೂರು ಕಡೆ ಇಡಿ: ಲ್ಯಾಪ್‌ಟಾಪು, ಪೆನ್‌ಡ್ರೈವು, ನಿಮಗೇ ಒಂದು ಮೇಲ್. ಹೆಸರಿಗೆ 'ಫೈನಲ್' ಅಂತ ಇಡಬೇಡಿ, ತಾರೀಖು ಇಡಿ. 'ಫೈನಲ್ ಫೈನಲ್ 2' ಎಂಬ ಫೈಲನ್ನು ತೆರೆಯದ ಸಂಪಾದಕರು ಕನ್ನಡದಲ್ಲಿ ಇರಲಾರರು.

ಕನ್ನಡ ತಿದ್ದುವವರಿಗೆ ಮಾತ್ರ ಇರುವ ಒಂದು ತಲೆನೋವು ಇದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಹಸ್ತಪ್ರತಿಗಳು ಈಗಲೂ ಬರುತ್ತವೆ. ಅವನ್ನು ಯೂನಿಕೋಡಿಗೆ ಬದಲಿಸುವ ಕೆಲಸವನ್ನು ಇಲ್ಲಿಗೆ ಬಂದ ಮೇಲೆ ಅಲ್ಲ, ನೆಟ್ ಚೆನ್ನಾಗಿರುವ ಕಡೆ ಮುಗಿಸಿ. ಬದಲಿಸುವಾಗ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಗುರುತುಗಳು ಬಿದ್ದುಹೋಗುತ್ತವೆ. 'ಸಾಫ್ಟ್‌ವೇರ್' ಇದ್ದದ್ದು 'ಸಾಫ್ಟ್ವೇರ್' ಆಗಿ ಒತ್ತಕ್ಷರದ ರಾಶಿಯಾಗುತ್ತದೆ. 'ರ‍್ಯಾಂಕ್' ಎಂಬುದು ಅರ್ಕಾವತ್ತು ಹೊತ್ತು 'ರ್ಯಾಂಕ್' ಆಗುತ್ತದೆ. ಹುಡುಕುವಾಗ ಒಂದನ್ನು ಟೈಪ್ ಮಾಡಿದರೆ ಇನ್ನೊಂದು ಸಿಗದೆ ಹೋಗಬಹುದು, ಹಾಗಾಗಿ ಎರಡನ್ನೂ ಬೇರೆಬೇರೆಯಾಗಿ ಹುಡುಕಿ. ದಣಿದ ದಿನಕ್ಕೆ ಹೇಳಿ ಮಾಡಿಸಿದ ಕೆಲಸ ಇದು.

ಹಂತ 5: ಕಾಗದ ಮತ್ತು ಗೆದ್ದಲು

ಕರಡಚ್ಚನ್ನು ನೆಲದ ಮೇಲಾಗಲಿ, ಗೋಡೆಗೆ ತಾಗಿಸಿಯಾಗಲಿ ಇಡಬೇಡಿ. ಒಮ್ಮೆ ಮೂರು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಗೆದ್ದಲು ಒಂದು ಫಾರಂ ಪೂರ್ತಿ, ಅಂದರೆ 16 ಪುಟ, ನನಗಿಂತ ಚೆನ್ನಾಗಿ ಎಡಿಟ್ ಮಾಡಿತ್ತು. ಈಗ ಕಾಗದ ಎಲ್ಲ ಮುಚ್ಚಳ ಇರುವ ಸ್ಟೀಲ್ ಡಬ್ಬದಲ್ಲಿ. ಮಳೆಗಾಲದಲ್ಲಿ ಬಾಲ್‌ಪೆನ್ನಿನಲ್ಲಿ ತಿದ್ದಿ. ಇಂಕ್ ಪೆನ್ ಆದರೆ ತೇವಕ್ಕೆ ಹರಡುತ್ತದೆ. ಕುರ್ಚಿಗೆ ಮಾತ್ರ ದುಡ್ಡು ಉಳಿಸಬೇಡಿ. ಚಾಪೆಯ ಮೇಲೆ ಕೂತು ತಿದ್ದುತ್ತೇನೆ ಅಂದವರೆಲ್ಲ ಎರಡನೆಯ ತಿಂಗಳಿಗೆ ಕುರ್ಚಿ ಹುಡುಕಿದ್ದಾರೆ, ನಾನೂ ಸೇರಿ.

ಹಂತ 6: ಪ್ರಕಾಶಕರಿಗೆ ಏನು ಹೇಳಬೇಕು, ದುಡ್ಡು ಹೇಗೆ ಕೇಳಬೇಕು

ಎಲ್ಲಿದ್ದೀರಿ ಎಂದು ಮುಚ್ಚಿಡಬೇಡಿ, ನವಿಲು ಹೇಗೂ ಹೇಳಿಬಿಡುತ್ತದೆ. 'ಫೋನಿಗೆ ಸಿಗುವುದು 11ರಿಂದ 1, ಸಂಜೆ 4ರಿಂದ 6' ಎಂದು ಮೊದಲ ದಿನವೇ ಹೇಳಿ. ಬಹಳ ಜನರಿಗೆ ಅಷ್ಟು ಸಾಕು. ಹಿರಿಯ ಲೇಖಕರಿಗೆ ಫೈಲು ಕಳಿಸಿ ಸುಮ್ಮನಾಗಬೇಡಿ. ತಿದ್ದಿದ್ದನ್ನು ಬಣ್ಣದಲ್ಲಿ ತೋರಿಸುವ ವ್ಯವಸ್ಥೆ ಅವರಿಗೆ ಗಾಬರಿ ಹುಟ್ಟಿಸುತ್ತದೆ, ಪರೀಕ್ಷೆಯ ಪೇಪರು ವಾಪಸ್ ಬಂದ ಹಾಗೆ. ನಾನು ಪ್ರಿಂಟ್ ತೆಗೆಸಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ, ಆಮೇಲೆ ಫೋನಿನಲ್ಲಿ ಪುಟ ಪುಟ ಮಾತಾಡುತ್ತೇವೆ.

ನಮ್ಮ ಭಾಷೆಯಲ್ಲಿ ಸಂಪಾದನೆ ಅಂದರೆ ಪುಸ್ತಕ ತಿದ್ದುವುದೂ ಹೌದು, ದುಡ್ಡು ಗಳಿಸುವುದೂ ಹೌದು. ಒಂದರಿಂದ ಇನ್ನೊಂದು ಆಗುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ. 'ಕಾಡಲ್ಲಿ ಇದ್ದೀರಲ್ಲಮ್ಮ, ಖರ್ಚೇನಿದೆ?' ಎಂದು ರೇಟು ಇಳಿಸಲು ಬಂದವರಿದ್ದಾರೆ. ಖರ್ಚಿದೆ. ಊಟದ ಪಾಲು, ಮನೆಯ ಪಾಲು, ಬ್ಯಾಟರಿ, ಊರಿಗೆ ಹೋಗಿಬರುವ ಬಸ್ಸು, ಆಸ್ಪತ್ರೆ. ಪುಟಕ್ಕಿಷ್ಟು ಎಂದು ಮಾತಾಡಿ, ಮೂರನೇ ಒಂದು ಭಾಗ ಮುಂಗಡ ತೆಗೆದುಕೊಳ್ಳಿ. ಒಬ್ಬ ಪ್ರಕಾಶಕರು ಎರಡು ಪುಸ್ತಕದ ದುಡ್ಡನ್ನು ಒಂದೂವರೆ ವರ್ಷ ಎಳೆದರು. ಅವರ ಅಂಗಡಿಗೆ ಹೋಗಿ ಕೂರೋಣ ಅಂದರೆ ಒಂದು ರಾತ್ರಿಯ ಬಸ್ಸು. ದೂರ ಇರುವವರಿಗೆ ಮುಂಗಡವೇ ಗಟ್ಟಿ. ಸಂಸ್ಥೆಗಳು 10% ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕೊಟ್ಟರೆ ಅದು ಹೋದ ದುಡ್ಡಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ, ತೆರಿಗೆ ಬರದಷ್ಟು ಆದಾಯ ಇದ್ದವರಿಗೆ ವಾಪಸ್ ಬರುತ್ತದೆ. ಕಾಡಿಗೆ ಬಂದ ಮೇಲೆ ರಿಟರ್ನ್ ಮರೆಯುವವರು ಜಾಸ್ತಿ.

ಹಂತ 7: ಬಿಟ್ಟಿ ಕೆಲಸಕ್ಕೆ ಒಂದು ಬೇಲಿ

ನೀವು ಸಂಪಾದಕರು ಎಂದು ಗೊತ್ತಾದ ವಾರಕ್ಕೇ ಶುರುವಾಗುತ್ತದೆ. ದೇಣಿಗೆ ಕೇಳುವ ಅರ್ಜಿ, ವರ್ಷದ ವರದಿ, ಸಭೆಯ ನಡಾವಳಿ, ಯಾರದೋ ಮಗನ ಕಾಲೇಜಿನ ಪ್ರಬಂಧ, ಧ್ಯಾನದ ಬಗ್ಗೆ ಇನ್ನಾರದೋ ಮುನ್ನೂರು ಪುಟ. ಎಲ್ಲರೂ ಪ್ರೀತಿಯಿಂದಲೇ ಕೇಳುತ್ತಾರೆ, ಕಷ್ಟ ಇರುವುದೇ ಅದರಲ್ಲಿ. ಬಡಗಿಯ ಹತ್ತಿರ ಮೇಜು ಮಾಡಿಸಿದರೆ ಮರದ ದುಡ್ಡಾದರೂ ಕೊಡುತ್ತಾರೆ. ನಮ್ಮ ಕೆಲಸದಲ್ಲಿ ಮರವೇ ಇಲ್ಲ.

ನಾನು ವಾರಕ್ಕೆ ಎರಡು ಗಂಟೆ ಎಂದು ಗೆರೆ ಹಾಕಿದ್ದೇನೆ, ಗುರುವಾರ ಸಂಜೆ. ಗುಂಪಿನ ಹೆಸರಲ್ಲಿ ಹೊರಗೆ ಹೋಗುವ ಕಾಗದಗಳಿಗೆ ಮೊದಲ ಸರದಿ, ಅದನ್ನು ನನ್ನ ಪಾಲಿನ ಕೆಲಸ ಎಂದೇ ಲೆಕ್ಕಕ್ಕೆ ಹಾಕಿಸಿದ್ದೇನೆ. ಉಳಿದವರು ಸಾಲಿನಲ್ಲಿ ಬರಬೇಕು. ಧ್ಯಾನದ ಮುನ್ನೂರು ಪುಟದವರು ಈಗ 40ನೇ ಪುಟದಲ್ಲಿದ್ದಾರೆ, ತುಂಬಾ ಸಮಾಧಾನದಿಂದ ಇದ್ದಾರೆ.

ಗೆರೆ ಹಾಕಿದ ಮೇಲೆ ನೀವೂ ದಾಟಬಾರದು. ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಜಾಗದ ಮೇಲೆ, ನಿಮ್ಮ ತಟ್ಟೆ ನೀವೇ ತೊಳೆಯಿರಿ ಎಂದು ಇಂಗ್ಲಿಷಿನಲ್ಲಿ ಬರೆದ ಹಲಗೆ ಇದೆ. 'ಪ್ಲೇಟ್' ಅನ್ನುವುದಕ್ಕೆ ಎರಡು 'ಟಿ' ಹಾಕಿದ್ದಾರೆ. ವಾರಕ್ಕೆ ಎರಡು ರಾತ್ರಿ ಅದರ ಕೆಳಗೇ ನಿಂತು ಸಾಂಬಾರಿನ ಪಾತ್ರೆ ಉಜ್ಜುತ್ತೇನೆ. ಆರು ವರ್ಷವಾಯಿತು, ಇನ್ನೂ ಮುಟ್ಟಿಲ್ಲ.